ಎಕ್ಸೆಲ್ ಮ್ಯಾಕ್ರೋವನ್ನು (ಕೆಲಸಗಳನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಮನ್ನು) ನಡುವೆ ನಿಲ್ಲಿಸಿ, ಬಳಕೆದಾರರು ಶೀಟಿನಲ್ಲಿ ಅಂಕಿ ತುಂಬಿದ ಮೇಲೆ ಮುಂದುವರಿಸುವುದು ಹೇಗೆ?

ಮೆಸೇಜ್ ಬಾಕ್ಸ್ ಹಾಕಿದರೆ ಶೀಟನ್ನು ಮುಟ್ಟಲು ಆಗುತ್ತಿಲ್ಲ, ಕಾಯಿಸುವ ವೇಟ್ ಆದೇಶ ಹಾಕಿದರೆ ಇಡೀ ಎಕ್ಸೆಲ್ ಮರಗಟ್ಟಿ ನಿಲ್ಲುತ್ತದೆ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ಮ್ಯಾಕ್ರೋವನ್ನು ನಿಲ್ಲಿಸಬೇಡಿ, ಅಲ್ಲಿಗೇ ಮುಗಿಸಿಬಿಡಿ. ಉಳಿದ ಕೆಲಸವನ್ನು ಎರಡನೆಯ ಮ್ಯಾಕ್ರೋ ಮಾಡಿ ಒಂದು ಬಟನ್‌ಗೆ ಜೋಡಿಸಿ.

ನಿಲ್ಲಿಸಿ ಕೇಳುವುದು ತಪ್ಪೆಂದಲ್ಲ. ಒಂದೇ ಒಂದು ಉತ್ತರ ಬೇಕಿದ್ದು, ಅದು ಎದುರು ಕುಳಿತವರಿಗೆ ಆಗಲೇ ಗೊತ್ತಿದ್ದರೆ ಇನ್‌ಪುಟ್‌ಬಾಕ್ಸ್, ಅಂದರೆ ಉತ್ತರ ಕೇಳುವ ಚಿಕ್ಕ ಕಿಟಕಿ ಸಾಕು. ಅದರಲ್ಲಿಯೂ ಎರಡು ಬಗೆ ಇವೆ. ವಿಬಿಎಯ (ಮ್ಯಾಕ್ರೋ ಬರೆಯುವ ಭಾಷೆಯ) ಸಾದಾ ಇನ್‌ಪುಟ್‌ಬಾಕ್ಸ್ ಯಾವಾಗಲೂ ಪಠ್ಯವನ್ನೇ ಮರಳಿಸುತ್ತದೆ. ಕ್ಯಾನ್ಸಲ್ ಒತ್ತಿದರೂ ಖಾಲಿ ಬಿಟ್ಟು ಓಕೆ ಒತ್ತಿದರೂ ಸಿಗುವುದು ಖಾಲಿ ಪಠ್ಯವೇ. ಅಪ್ಲಿಕೇಷನ್ ಎಂದು ಬರೆದು ಚುಕ್ಕೆ ಇಟ್ಟು ಕರೆಯುವ ಇನ್‌ಪುಟ್‌ಬಾಕ್ಸ್ (Application.InputBox) ಇದಕ್ಕಿಂತ ಜಾಣ. ಟೈಪ್ 1 ಎಂದು ಕೊಟ್ಟರೆ ಸಂಖ್ಯೆಯಲ್ಲದ್ದನ್ನು ತಾನೇ ತಿರಸ್ಕರಿಸುತ್ತದೆ. ಟೈಪ್ 8 ಕೊಟ್ಟರೆ ಬಳಕೆದಾರರು ಶೀಟಿನ ಮೇಲೆ ಕ್ಲಿಕ್ ಮಾಡಿ ಸೆಲ್‌ಗಳನ್ನು ಆರಿಸಿ ಕೊಡಬಹುದು. ಆರಿಸಬಹುದು ಅಷ್ಟೇ, ಸೆಲ್‌ನೊಳಗೆ ಏನನ್ನೂ ಬರೆಯಲಾಗದು.

ಇದರ ಕ್ಯಾನ್ಸಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕ್ಯಾನ್ಸಲ್ ಒತ್ತಿದರೆ ಬರುವುದು ಫಾಲ್ಸ್, ಅಂದರೆ ‘ಅಲ್ಲ’ ಎಂಬ ಬೆಲೆ. ಅದನ್ನು ನೇರವಾಗಿ ಡಬಲ್ (ಸಂಖ್ಯೆ ಮಾತ್ರ ಹಿಡಿಯುವ ಬಗೆ) ಎಂದು ಘೋಷಿಸಿದ ಚರಕ್ಕೆ ತುಂಬಿದರೆ ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಸೊನ್ನೆ ದರದ ಬಿಲ್ ತಯಾರಾಗುತ್ತದೆ. ಫಾಲ್ಸ್‌ಗೆ ಸಮವೇ ಎಂದು ಹೋಲಿಸಿ ನೋಡಿದರೂ ಪ್ರಯೋಜನವಿಲ್ಲ. ವಿಬಿಎಯಲ್ಲಿ ಸೊನ್ನೆಯೂ ಫಾಲ್ಸ್‌ಗೆ ಸಮವೇ. ಉತ್ತರವನ್ನು ಯಾವ ಬಗೆಯ ಬೆಲೆಯನ್ನಾದರೂ ಹಿಡಿಯುವ ವೇರಿಯಂಟ್ ಚರದಲ್ಲಿ ಹಿಡಿದು, ಬೆಲೆಯ ಬಗೆ ಹೇಳುವ ವಾರ್‌ಟೈಪ್‌ನಿಂದ ಅದು ಬೂಲಿಯನ್ (ಟ್ರೂ ಅಥವಾ ಫಾಲ್ಸ್) ಆಗಿದೆಯೇ ಎಂದು ಪರೀಕ್ಷಿಸಿ. ಟೈಪ್ 8ರಲ್ಲಿ ಆರಿಸಿದ ಸೆಲ್‌ಗಳನ್ನು ಚರಕ್ಕೆ ಜೋಡಿಸಲು ಸೆಟ್ ಬಳಸಿ ಬರೆದಿರುತ್ತೀರಾದ್ದರಿಂದ ಕ್ಯಾನ್ಸಲ್ ಒತ್ತಿದೊಡನೆ 424ನೇ ದೋಷ ಬರುತ್ತದೆ. ಆ ಒಂದು ಸಾಲಿಗೆ ಮಾತ್ರ, ದೋಷ ಬಂದರೂ ಮುಂದೆ ಹೋಗು ಎನ್ನುವ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಹಾಕಿ, ಮರುಸಾಲಿನಲ್ಲೇ ಅದನ್ನು ರದ್ದು ಮಾಡಿ.

ಆದರೆ ನಿಮ್ಮ ಅಗತ್ಯ ಬೇರೆ. ಬಳಕೆದಾರರು ಶೀಟನ್ನು ನೋಡಬೇಕು, ಯೋಚಿಸಬೇಕು, ಹಲವು ಸೆಲ್ ತುಂಬಬೇಕು. ‘ದರ ಪರಿಶೀಲಿಸಿ ಓಕೆ ಒತ್ತಿ’ ಎನ್ನುವ ಮೆಸೇಜ್ ಬಾಕ್ಸ್, ಬಾಗಿಲಿಗೆ ಅಡ್ಡ ನಿಂತುಕೊಂಡೇ ‘ಒಳಗೆ ಬನ್ನಿ’ ಎಂದು ಉಪಚಾರ ಹೇಳುವವನ ಹಾಗೆ. ಹಾಗಾಗಿ ಜನ ಡುಈವೆಂಟ್ಸ್ ಲೂಪ್‌ಗೆ ಮೊರೆ ಹೋಗುತ್ತಾರೆ: ಒಂದು ಗುರುತು ಬದಲಾಗುವವರೆಗೂ ಮ್ಯಾಕ್ರೋ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ಬಳಕೆದಾರರ ಕೆಲಸಕ್ಕೆ ಎಡೆ ಕೊಡುತ್ತದೆ. ನನಗೆ ಅದು ಕಂಡರಾಗದು. ಪ್ರೊಸೆಸರ್ ಸುಮ್ಮನೆ ದುಡಿದು ಫ್ಯಾನ್ ಕೂಗುತ್ತದೆ ಎಂಬುದು ಚಿಕ್ಕ ತಕರಾರು. ಹೀಗೆ ಸುತ್ತುತ್ತಿರುವಾಗ ಬಳಕೆದಾರರು ಅದೇ ಬಟನ್ ಮತ್ತೊಮ್ಮೆ ಒತ್ತಿದರೆ ಮೊದಲನೆಯದು ಮುಗಿಯದೆಯೇ ಅದರೊಳಗೆ ಎರಡನೆಯದು ಶುರುವಾಗುತ್ತದೆ. ಮಧ್ಯದಲ್ಲಿ ಫೈಲನ್ನೇ ಮುಚ್ಚಲೂಬಹುದು. ಇದು ದೊಡ್ಡ ತಕರಾರು.

ಯೂಸರ್‌ಫಾರ್ಮನ್ನು (ನಾವೇ ರೂಪಿಸುವ ಕಿಟಕಿಯನ್ನು) ಮೋಡ್‌ಲೆಸ್ ಆಗಿ, ಅಂದರೆ ಶೀಟಿಗೆ ಅಡ್ಡ ಬರದ ಹಾಗೆ ತೆರೆದರೆ ಶೀಟ್ ಮುಟ್ಟಲು ಸಿಗುತ್ತದೆ, ನಿಜ. ಆದರೆ ಫಾರ್ಮ್ ತೆರೆದ ಕೂಡಲೇ ಮುಂದಿನ ಸಾಲು ಓಡಿಬಿಡುತ್ತದೆ, ಕಾಯುವುದಿಲ್ಲ. ಉಳಿದ ಕೆಲಸವನ್ನು ಫಾರ್ಮ್‌ನ ಬಟನ್ನಿನೊಳಗೆ ಇಡಬೇಕಾಗುತ್ತದೆ. ಅಲ್ಲಿಗೆ ಮ್ಯಾಕ್ರೋ ಎರಡು ತುಂಡಾದಂತೆಯೇ. ಹೇಗೂ ತುಂಡು ಮಾಡಬೇಕಿದ್ದರೆ ನೇರವಾಗಿಯೇ ಮಾಡುವುದು ಮೇಲು.

ನಾನು ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರದ ಲೆಕ್ಕ ನೋಡುತ್ತೇನೆ. ನಮ್ಮಲ್ಲಿ ಮೊದಲ ಮ್ಯಾಕ್ರೋ ಆ ದಿನದ ಲಾಟ್‌ಗಳನ್ನು, ಅಂದರೆ ರೈತರ ಹೆಸರು, ಬಾಕ್ಸ್‌ಗಳ ಸಂಖ್ಯೆ, ತೂಕವನ್ನು ಆವಕ ಪುಸ್ತಕದ ಶೀಟಿನಿಂದ ಹೊಸ ಶೀಟಿಗೆ ತರುತ್ತದೆ. ದರದ ಕಾಲಂಗೆ ಹಳದಿ ಬಣ್ಣ ಬಳಿಯುತ್ತದೆ, ಮೊದಲ ಖಾಲಿ ಸೆಲ್‌ನಲ್ಲಿ ಕರ್ಸರ್ ಇಡುತ್ತದೆ, ‘ಮುಂದುವರಿಸಿ’ ಎಂಬ ಬಟನ್ ಕಾಣಿಸುವಂತೆ ಮಾಡುತ್ತದೆ, ಫೈಲ್ ಸೇವ್ ಮಾಡಿ ಮುಗಿಯುತ್ತದೆ. ಆಮೇಲೆ ನಡೆಯುವುದೆಲ್ಲ ಮನುಷ್ಯರ ವ್ಯವಹಾರ. ಖರೀದಿದಾರ ಮಾದರಿ ಕೈಯಲ್ಲಿ ಹಿಡಿದು ಬಣ್ಣ ನೋಡಬೇಕು, ದರ ಹೇಳಬೇಕು. ತಿಕೋಟಾ ಕಡೆಯ ರೈತರಿಗೆ ಫೋನ್ ಮಾಡಿದರೆ ‘ಆ ದರಕ್ಕೆ ಬೇಡ, ಕೋಲ್ಡ್ ಸ್ಟೋರೇಜ್‌ನಲ್ಲೇ ಇರಲಿ’ ಎನ್ನಬಹುದು, ‘ನಾಳೆ ಹೇಳುತ್ತೇನೆ’ ಎಂದೂ ಅನ್ನಬಹುದು. ನಾಳೆಯವರೆಗೆ ಯಾವ ಲೂಪ್ ಸುತ್ತೀತು? ಹತ್ತು ನಿಮಿಷವೋ ಒಂದು ರಾತ್ರಿಯೋ ಎಂದು ಗೊತ್ತಿಲ್ಲದ ಬಿಡುವನ್ನು ಪ್ರೋಗ್ರಾಮಿನೊಳಗೆ ಇಟ್ಟುಕೊಳ್ಳಲೇಬಾರದು.

ದರ ತುಂಬಿದ ಮೇಲೆ ಬಟನ್ ಒತ್ತುತ್ತಾರೆ. ಎರಡನೆಯ ಮ್ಯಾಕ್ರೋ ಯಾವುದನ್ನೂ ನಂಬದೆ ಮೊದಲು ತಪಾಸಣೆ ನಡೆಸುತ್ತದೆ. ದರ ಖಾಲಿ ಇದ್ದರೆ ಅಥವಾ ಸಂಖ್ಯೆಯಲ್ಲದಿದ್ದರೆ ಅದೇ ಸೆಲ್‌ಗೆ ಕರ್ಸರ್ ಒಯ್ದು, ಬೇರೇನೂ ಮಾಡದೆ ನಿಲ್ಲುತ್ತದೆ. ಮಾರಾಟವಾಗದ ಲಾಟ್‌ನ ಸಾಲಿಗೆ ಪಕ್ಕದಲ್ಲೊಂದು ಗುರುತು ಇರುವುದರಿಂದ ಅದನ್ನು ದಾಟುತ್ತದೆ. ಎಲ್ಲ ಸರಿಯಿದ್ದರೆ ಮಾತ್ರ ಹಮಾಲಿ, ದಲಾಲಿ ಕಳೆದು ರೈತರ ಪಟ್ಟಿ, ಅಂದರೆ ಅವರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ ತಯಾರಿಸುತ್ತದೆ.

ಎರಡು ತುಂಡುಗಳ ನಡುವಿನ ನೆನಪನ್ನು ಎಲ್ಲಿಡುತ್ತೀರಿ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಎಲ್ಲ ಮ್ಯಾಕ್ರೋಗಳಿಗೂ ಸಿಗುವ ಗ್ಲೋಬಲ್ ಚರದಲ್ಲಿ ಇಡಬೇಡಿ. ಯಾವುದೋ ದೋಷ ಬಂದು ಅದರ ಕಿಟಕಿಯಲ್ಲಿ ಎಂಡ್ ಒತ್ತಿದರೂ, ಫೈಲ್ ಮುಚ್ಚಿದರೂ, ಕರೆಂಟ್ ಹೋದರೂ ಅದು ಅಳಿಸಿಹೋಗುತ್ತದೆ. ಅಡಗಿಸಿಟ್ಟ ಶೀಟಿನ ಒಂದು ಸೆಲ್‌ನಲ್ಲಿ ‘ದರ ಬಾಕಿ’, ‘ಪಟ್ಟಿ ಆಗಿದೆ’ ಎಂಬಂತೆ ಸ್ಥಿತಿಯನ್ನು ಬರೆದಿಡಿ. ಎರಡನೆಯ ಮ್ಯಾಕ್ರೋ ಆ ಸೆಲ್ ಓದಿಯೇ ಕೆಲಸ ಶುರು ಮಾಡಲಿ. ಯಾರಾದರೂ ಬಟನ್ ಎರಡು ಸಲ ಒತ್ತಿದರೂ ಒಬ್ಬರೇ ರೈತರಿಗೆ ಎರಡು ಪಟ್ಟಿ ಹೋಗುವುದಿಲ್ಲ.

ಮೊದಲ ತುಂಡು ಮುಗಿಯುವ ಮುನ್ನ ಸ್ಕ್ರೀನ್‌ಅಪ್‌ಡೇಟಿಂಗ್ (ಪರದೆಯ ನವೀಕರಣ), ಲೆಕ್ಕಾಚಾರದ ಸ್ವಯಂಚಾಲಿತ ಕ್ರಮ, ಎನೇಬಲ್‌ಈವೆಂಟ್ಸ್ (ಶೀಟಿನ ಬದಲಾವಣೆಯಂಥ ಘಟನೆಗಳಿಗೆ ಮ್ಯಾಕ್ರೋ ತಾನೇ ಓಡುವುದು) ಇವುಗಳಲ್ಲಿ ಏನೇನು ಆಫ್ ಮಾಡಿದ್ದೀರೋ ಎಲ್ಲವನ್ನೂ ಮತ್ತೆ ಆನ್ ಮಾಡಿ. ಮ್ಯಾನುಯಲ್ ಕ್ರಮದಲ್ಲಿ ಬಿಟ್ಟರೆ ದರ ತುಂಬುವವರ ಕಣ್ಣಿಗೆ ಹಳೆಯ ಮೊತ್ತವೇ ಕಾಣುತ್ತಿರುತ್ತದೆ. ಬಟನ್ ಬೇಡ, ಕೊನೆಯ ದರ ತುಂಬಿದೊಡನೆ ತಾನೇ ಮುಂದುವರಿಯಲಿ ಎನ್ನುವವರು ಸೆಲ್ ಬದಲಾದೊಡನೆ ಮ್ಯಾಕ್ರೋ ಓಡಿಸುವ ವರ್ಕ್‌ಶೀಟ್‌ನ ಚೇಂಜ್ ಈವೆಂಟ್ ಬಳಸಬಹುದು. ನಾನು ಬಳಸುವುದಿಲ್ಲ. ಕೊನೆಯ ಸೆಲ್‌ನಲ್ಲಿ ಸೊನ್ನೆ ಒಂದು ಹೆಚ್ಚು ಬಿದ್ದರೆ ತಿದ್ದುವ ಮೊದಲೇ ಪಟ್ಟಿ ಸಿದ್ಧವಾಗಿರುತ್ತದೆ, ಮ್ಯಾಕ್ರೋ ಮಾಡಿದ ಬದಲಾವಣೆಗೆ ಅನ್‌ಡೂ ಕೂಡ ಸಿಗುವುದಿಲ್ಲ.

ಸೂಚನೆಗಳನ್ನು ಕನ್ನಡದಲ್ಲಿ ತೋರಿಸುವ ಆಸೆ ಇದ್ದರೆ ಒಂದು ಮಾತು. ವಿಬಿಎ ಎಡಿಟರ್‌ಗೆ ಯುನಿಕೋಡ್, ಅಂದರೆ ಕನ್ನಡದಂಥ ಎಲ್ಲ ಲಿಪಿಗಳನ್ನು ಬರೆಯುವ ಸಂಕೇತ ಪದ್ಧತಿ, ಬಾರದು. ಅಲ್ಲಿ ಕನ್ನಡ ಬರೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮೆಸೇಜ್ ಬಾಕ್ಸ್‌ನಲ್ಲಿಯೂ ಅದೇ ಗತಿ. ವಾಕ್ಯವನ್ನು ಒಂದು ಸೆಲ್‌ನಲ್ಲಿ ಬರೆದಿಟ್ಟು, ಅಲ್ಲಿಂದ ಓದಿ ಯೂಸರ್‌ಫಾರ್ಮ್‌ನ ಲೇಬಲ್‌ಗೆ ಕೊಡಿ, ಸರಿಯಾಗಿ ಕಾಣುತ್ತದೆ. ಎರಡು ತುಂಡಿನ ವಿಧಾನದಲ್ಲಿ ಅದರ ಗೊಡವೆಯೂ ಬೇಕಿಲ್ಲ: ಹಳದಿ ಕಾಲಂನ ತಲೆಯ ಮೇಲಿನ ಸೆಲ್‌ನಲ್ಲೇ ‘ದರ ತುಂಬಿ, ನಂತರ ಬಟನ್ ಒತ್ತಿ’ ಎಂದು ಬರೆದರಾಯಿತು. ಇನ್ನು, ಮೊಬೈಲ್‌ನ ಎಕ್ಸೆಲ್‌ನಲ್ಲಿ ವಿಬಿಎ ಓಡುವುದಿಲ್ಲ. ದರವನ್ನು ಫೋನಿನಲ್ಲಿ ತುಂಬಬಹುದು, ಬಟನ್ ಒತ್ತಲು ಕಂಪ್ಯೂಟರ್‌ಗೇ ಬರಬೇಕು.