ರಕ್ತಪರೀಕ್ಷೆಯಲ್ಲಿ ಲಕ್ವಾದ ಸುಳಿವು ಸಿಗುತ್ತದೆಯೇ?

ಪ್ರಶ್ನೆ: ಹೋದ ತಿಂಗಳು ನಮ್ಮ ಅಪ್ಪನಿಗೆ ಲಕ್ವಾ ಹೊಡೆಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತಂತೆ. ‘ಮೈಕ್ರೋ ಆರ್‌ಎನ್‌ಎ’ ರಕ್ತಪರೀಕ್ಷೆ ಮಾಡಿಸಿದರೆ ಇದು ಮೊದಲೇ ಗೊತ್ತಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಬೆಳಗಾವಿಗೆ ಹೋಗಿ ನಾನೂ ಮಾಡಿಸಿಕೊಳ್ಳಲೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಸದ್ಯಕ್ಕೆ ಬೇಡ. ಆ ದುಡ್ಡಿಗೆ ಮನೆಗೊಂದು ಬಿ.ಪಿ. ಯಂತ್ರ ತನ್ನಿ. ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ನಾಡಿ ತಾಳ ತಪ್ಪುತ್ತಿದ್ದರೆ ಇಸಿಜಿ ಮಾಡಿಸಿ.

ವಿಷಯ ಸುಳ್ಳೇನಲ್ಲ. ಮೈಕ್ರೋ ಆರ್‌ಎನ್‌ಎ ಎಂದರೆ ಜೀವಕೋಶದಲ್ಲಿರುವ, ಸುಮಾರು 22 ‘ಅಕ್ಷರ’ಗಳ (ರಾಸಾಯನಿಕ ಘಟಕಗಳ) ಪುಟ್ಟ ಆರ್‌ಎನ್‌ಎ ತುಣುಕು. ಪ್ರೋಟೀನ್ ತಯಾರಿಸಲು ಹೊರಟ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಸಿಕ್ಕಿತು. 2024ರ ನೊಬೆಲ್ ಇದಕ್ಕೇ ಬಂತು. ರಕ್ತ ನಿಂತು ಆಮ್ಲಜನಕ ಕಡಿಮೆಯಾದಾಗ ಜೀವಕೋಶಗಳಲ್ಲಿ ಮಿರ್-210 ಎಂಬ ಮೈಕ್ರೋ ಆರ್‌ಎನ್‌ಎ (‘ಮಿರ್’ ಅದರ ಚುಟುಕು ಹೆಸರು) ಏರುತ್ತದೆ. ಮಿರ್-124 ನರಕೋಶಗಳಲ್ಲಿ ತುಂಬಿಕೊಂಡಿರುವಂಥದ್ದು. ಅವು ಸತ್ತಾಗ ರಕ್ತಕ್ಕೆ ಸೋರುವುದನ್ನು ಇಲಿಗಳಲ್ಲಿ ನೋಡಿದ್ದಾರೆ.

ತೊಡಕಿರುವುದು ಸಿರಿಂಜಿನಲ್ಲಿ. ರಕ್ತವನ್ನು ರಭಸದಿಂದ ಎಳೆದರೆ ಕೆಂಪುಕಣ ಒಡೆಯುತ್ತವೆ. ಅವುಗಳೊಳಗೆ ಮಿರ್-451, ಮಿರ್-16 ದಂಡಿಯಾಗಿವೆ. ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ದ್ರವ, ಅಂದರೆ ಹಳದಿ ಇರಬೇಕಾದ ಪ್ಲಾಸ್ಮಾ, ನಸುಗೆಂಪಾಯಿತೆಂದರೆ ಲೆಕ್ಕ ಕೆಟ್ಟಿತು. ಹೋಲಿಸಿ ನೋಡಲು ಮಿರ್-16ನ್ನೇ ಅಳತೆಗೋಲಾಗಿ ಇಟ್ಟುಕೊಂಡ ಲ್ಯಾಬಿನಲ್ಲಂತೂ ಉಳಿದ ಅಂಕಿಗಳು ಇಳಿದಂತೆ ಕಾಣುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ಹಾಕಿದರೆ, ಈ ತುಣುಕುಗಳನ್ನು ನಕಲು ಮಾಡಿ ಎಣಿಸುವ ಪಿಸಿಆರ್ ಪರೀಕ್ಷೆ ಓಡುವುದೇ ಕಷ್ಟ. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕ ಇಡಿಟಿಎ ಇರುವ ನೇರಳೆ ಮುಚ್ಚಳದ್ದೇ ಬೇಕು. ಒಂದು ಲ್ಯಾಬಿನ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗದಿರುವುದಕ್ಕೆ ಇಂಥವೇ ಕಾರಣ.

ಪ್ರಶ್ನೆ: ಲಕ್ವಾ ಹೊಡೆದ ಮೇಲಾದರೂ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲವೇ?
– ಓದುಗರೊಬ್ಬರು, ಬಸವನ ಬಾಗೇವಾಡಿ

ಉತ್ತರ: ಆಗ ಅಷ್ಟು ಹೊತ್ತು ಕಾಯುವಂತಿಲ್ಲ. ಆರ್‌ಎನ್‌ಎ ಬೇರ್ಪಡಿಸಿ ಪಿಸಿಆರ್ ಮುಗಿಸಲು ತಾಸುಗಟ್ಟಲೆ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ತಾಸು, ಅದೂ ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾದ ಮೇಲೆ. ಲೆಕ್ಕ ಶುರುವಾಗುವುದು ರೋಗಿ ಸರಿಯಾಗಿದ್ದದ್ದನ್ನು ಕೊನೆಗೆ ಕಂಡ ಹೊತ್ತಿನಿಂದ. ಮಲಗುವಾಗ ಚೆನ್ನಾಗಿದ್ದು ಏಳುವಾಗ ಕೈ ಬಿದ್ದಿದ್ದರೆ, ಮಲಗಿದ ಹೊತ್ತನ್ನೇ ಬರೆದುಕೊಳ್ಳಿ.

ಬಾಯಿ ವಾರೆಯಾದರೆ, ಎತ್ತಿದ ಕೈ ಜೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ‘ಸಿಟಿ ಸ್ಕ್ಯಾನ್ ಇರುವಲ್ಲಿಗೇ’ ಎಂದು ಹೇಳಿ. ನೀರು, ಚಹಾ ಕುಡಿಸಬೇಡಿ, ಶ್ವಾಸನಾಳಕ್ಕೆ ಇಳಿದೀತು. ಸ್ಕ್ಯಾನಿಗೆ ಮೊದಲು ಆಸ್ಪಿರಿನ್ ಕೂಡ ಬೇಡ. ದಾರಿಯಲ್ಲಿ ಮಾತು ಮರಳಿತೆಂದು ಗಾಡಿ ತಿರುಗಿಸಬೇಡಿ. ಹಾಗೆ ಬಂದು ಹೋದ ಲಕ್ವಾ ಮುಂದಿನ ಎರಡೇ ದಿನಗಳಲ್ಲಿ ಪೂರ್ತಿ ಹೊಡೆಯುವ ಅಪಾಯ ಹೆಚ್ಚು.