ಊರಿನ ರಸ್ತೆಗೆ ಭಾರಿ ಲಾರಿ ಬರದಂತೆ ಪಂಚಾಯ್ತಿಯೇ ತಡೆಯಬಹುದಾ?

ಶಿರಸಿ ಹತ್ತಿರದ ನಿಮ್ಮ ಊರಲ್ಲಿ ಜಲ್ಲಿ ಟಿಪ್ಪರ್‌ಗಳು ಹಗಲು ರಾತ್ರಿ ಓಡುತ್ತಿವೆ, ಮೋರಿ ಬಿರುಕು ಬಿಟ್ಟಿದೆ, ಪಂಚಾಯ್ತಿ ಠರಾವು ಮಾಡಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಠರಾವು ಒಂದರಿಂದಲೇ ನಿಲ್ಲುವುದಿಲ್ಲ. ಆದರೂ ಠರಾವು ಮಾಡಿಸಿ, ಮುಂದೆ ಬೇಕಾಗುತ್ತದೆ.

ನಾನು ಕುಮಟಾ ತಾಲೂಕಿನವನು, ಒಂದು ಅವಧಿಗೆ ಪಂಚಾಯ್ತಿ ಸದಸ್ಯನಾಗಿದ್ದೆ. ಕುಮಟಾದಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದ ರಸ್ತೆ ಬಂದ್ ಆದರೆ ದೊಡ್ಡ ಗಾಡಿಗಳು ಅಂಕೋಲಾ, ಯಲ್ಲಾಪುರ ಸುತ್ತಬೇಕು, ಇಲ್ಲವೇ ಹೊನ್ನಾವರದಿಂದ ಮಾವಿನಗುಂಡಿ ಮೇಲೆ ಹತ್ತಬೇಕು. ಡೀಸೆಲ್ ಜಾಸ್ತಿ, ಹೊತ್ತೂ ಜಾಸ್ತಿ. ಹಾಗಾಗಿ ಕೆಲವರು ನಮ್ಮ ಒಳರಸ್ತೆಗೆ ನುಗ್ಗಿದರು. ಸಿಟ್ಟು ಬಂದು ನಾವು ರಸ್ತೆಗೆ ಅಡಿಕೆ ಮರ ಅಡ್ಡ ಹಾಕಿದೆವು. ಮರುದಿನ ಸ್ಟೇಷನ್ನಿಗೆ ಹೋಗಿ ಉತ್ತರ ಕೊಡಬೇಕಾಗಿ ಬಂದದ್ದು ನಮಗೇ, ಲಾರಿಯವರಿಗಲ್ಲ. ಆ ತಪ್ಪು ನೀವು ಮಾಡಬೇಡಿ.

ಅಧಿಕಾರ ಇರುವುದು ಸರ್ಕಾರಕ್ಕೆ, ಅದು ಗೊತ್ತುಮಾಡಿದ ಅಧಿಕಾರಿಗೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಓದಿ. ಜನರ ಸುರಕ್ಷತೆಗೆ, ಅನುಕೂಲಕ್ಕೆ ಅಥವಾ ರಸ್ತೆ, ಸೇತುವೆಯ ಸ್ಥಿತಿ ನೋಡಿ ಯಾವುದೇ ಬಗೆಯ ವಾಹನವನ್ನು ನಿಷೇಧಿಸಬಹುದು, ಇಲ್ಲವೇ ಷರತ್ತು ಹಾಕಬಹುದು ಅಂತ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ಇದನ್ನು ಬಳಸುವವರು ಜಿಲ್ಲಾಧಿಕಾರಿ. ಮಳೆಗಾಲದಲ್ಲಿ ಘಟ್ಟ ಬಂದ್ ಮಾಡುವ ಆದೇಶಗಳಲ್ಲಿ ಈ ಸೆಕ್ಷನ್ ಜೊತೆ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221ಎ(5) ಅಂತ ಬರೆದಿರುತ್ತದೆ, ನೋಡಿರಬಹುದು. ಒಂದು ತಿಂಗಳ ಒಳಗಿನ ನಿರ್ಬಂಧವಾದರೆ ರಾಜ್ಯಪತ್ರದಲ್ಲಿ ಬರಬೇಕಿಲ್ಲ, ಊರಲ್ಲಿ ಪ್ರಚಾರ ಮಾಡಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ರಾಜ್ಯಪತ್ರ ಬೇಕು.

ಇನ್ನೊಂದು ಮಾತು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಆದೇಶ ಆದ ಮೇಲೆ ರಸ್ತೆಯ ಬಾಯಲ್ಲಿ ಬೋರ್ಡ್ ನಿಲ್ಲಿಸಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಬೋರ್ಡ್ ಇಲ್ಲದಿದ್ದರೆ ಹೊರಗಿನಿಂದ ಬರುವ ಚಾಲಕನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಪೊಲೀಸರಿಗೂ ದಂಡ ಹಾಕಲು ಕಷ್ಟ.

ಅರ್ಜಿಯಲ್ಲಿ ‘ಲಾರಿ ಬೇಡ’ ಅಂತ ಸುಮ್ನೆ ಬರೆಯಬೇಡಿ. ನಿಮ್ಮೂರಿಗೂ ಗೊಬ್ಬರ, ಸಿಮೆಂಟು ಲಾರಿಯಲ್ಲೇ ಬರಬೇಕು, ಅಡಿಕೆ ಲಾರಿಯಲ್ಲೇ ಹೋಗಬೇಕು. ಇಷ್ಟು ಟನ್‌ಗಿಂತ ಭಾರದ ಗಾಡಿ ಬೇಡ, ಶಾಲೆ ಬಿಡುವ ಹೊತ್ತಿಗೆ ಟಿಪ್ಪರ್ ಬೇಡ ಅಂತ ಕೇಳಿ. ಹತ್ತು ಗಾಲಿಯ ಲಾರಿಗೆ ಸರಕು ಸೇರಿ 28.5 ಟನ್‌ವರೆಗೆ ಕಾನೂನಿನಲ್ಲೇ ಅವಕಾಶ ಇದೆ. ಅಂದರೆ ಓವರ್‌ಲೋಡ್ ಇಲ್ಲದ ಗಾಡಿಯೂ ನಿಮ್ಮ ಮೋರಿಗೆ ಭಾರವಾಗಬಹುದು. ಮೋರಿ ಎಷ್ಟು ತಡೆಯುತ್ತದೆ ಎಂದು ಎಂಜಿನಿಯರ್ ಬರೆದು ಕೊಟ್ಟ ಕಾಗದ ಇದ್ದರೆ ನಿಮ್ಮ ಅರ್ಜಿಗೆ ತೂಕ ಬರುತ್ತದೆ. ಊರೊಳಗಿನ ರಸ್ತೆಯಾದರೆ ಸಾಮಾನ್ಯವಾಗಿ ಪಂಚಾಯತ್‌ರಾಜ್ ಎಂಜಿನಿಯರಿಂಗ್ ವಿಭಾಗ, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಮೊದಲು ರಸ್ತೆ ಯಾರದು ಅಂತ ತಿಳಿದುಕೊಳ್ಳಿ. ಬದಲಿ ದಾರಿ ಯಾವುದು ಅಂತ ನೀವೇ ಸೂಚಿಸಿ, ಮತ್ತೆ ಆ ದಾರಿಯಲ್ಲಿರುವ ಊರಿನವರ ಜೊತೆ ಮೊದಲೇ ಮಾತಾಡಿ, ಇಲ್ಲದಿದ್ದರೆ ನಿಮ್ಮ ಕಷ್ಟ ಅವರ ಮನೆಬಾಗಿಲಿಗೆ ಹೋಗುತ್ತದೆ. ನಮಗೆ ಆದದ್ದೂ ಅದೇ.

ಓವರ್‌ಲೋಡ್ ಬೇರೆ ವಿಷಯ. ಅದಕ್ಕೆ ಹೊಸ ಆದೇಶ ಬೇಕಿಲ್ಲ, ಆರ್‌ಟಿಒಗೆ ದೂರು ಕೊಡಿ. 194ನೇ ಸೆಕ್ಷನ್ನಿನಲ್ಲಿ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಲಾರಿ ಸಮೇತ ನದಿಗೆ ಕುಸಿದದ್ದು ನೆನಪಿದೆಯಲ್ಲ. ಚಾಲಕ ಬದುಕಿ ಬಂದ, ಅದೊಂದೇ ಸಮಾಧಾನ. ನಿಮ್ಮ ಮೋರಿ ಮೇಲೆ ಶಾಲೆ ಮಕ್ಕಳೂ ನಡೆಯುತ್ತಾರೆ. ಬಿರುಕಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಇವತ್ತೇ ಫೋಟೋ ತೆಗೆಯಿರಿ, ಹದಿನೈದು ದಿನ ಬಿಟ್ಟು ಮತ್ತೊಂದು. ಎರಡನ್ನೂ ಠರಾವಿನ ಜೊತೆ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡೇ ಬನ್ನಿ.