ಸ್ಪೀಕರ್ ನಂಬರ್ ಸಿಕ್ಕಿತು ಅಂತ ಬ್ಯೂರೋ ಬಿಡಬೇಡಿ

ಗದಗಿನ ನಿಮ್ಮ ವರ್ತಕರ ಸಂಘಕ್ಕೆ 25 ವರ್ಷ. ಸಮಾರಂಭಕ್ಕೆ ಭಾಷಣಕಾರರನ್ನ ಗೊತ್ತು ಮಾಡಿಕೊಡುವ ಬ್ಯೂರೋದವರು ಒಬ್ಬ ಸ್ಪೀಕರ್ ಹೆಸರು ಕೊಟ್ಟು 2 ಲಕ್ಷ ಹೇಳಿದ್ದಾರೆ. ಅದೇ ಸ್ಪೀಕರ್‌ನ ನಂಬರ್ ನಿಮಗೆ ಬೇರೆ ಕಡೆಯಿಂದ ಸಿಕ್ಕಿದೆ. ನೇರವಾಗಿ ಮಾತಾಡಿದರೆ ಕಮಿಷನ್ ಉಳಿಯುತ್ತಾ ಅಂತ ಕೇಳಿದ್ದೀರಿ. ಉಳಿಯಲ್ಲ. 2023ರಲ್ಲಿ ನಾನು ಉಳಿಸೋಕೆ ಹೋಗಿದ್ದೆ.

ಆಗ ನಾನು ಪಂಪ್‌ಸೆಟ್, ಪೈಪ್ ಮಾರುವ ಕಂಪನಿಯೊಂದರ ಹುಬ್ಬಳ್ಳಿ ಆಫೀಸಿನಲ್ಲಿದ್ದೆ. ಜುಲೈನಲ್ಲಿ ಡೀಲರ್‌ಗಳ ಸಭೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ 380 ಜನ ಬರುವವರಿದ್ದರು. ಗೋಕುಲ ರಸ್ತೆಯ ಹೋಟೆಲ್ ಹಾಲ್. ಪ್ರತಿ ವರ್ಷ ಕಂಪನಿಯವರೇ ಮಾತಾಡಿ ಕಳಿಸುತ್ತಿದ್ದೆವು. ಈ ಸಲ ಹೊರಗಿನಿಂದ ಒಳ್ಳೆ ಮಾತುಗಾರರನ್ನ ಕರೆಸಿ ಅಂತ ಸಾಹೇಬರು ಹೇಳಿದರು, ಕೆಲಸ ನನ್ನ ಮೇಲೆ ಬಂತು.

ಬೆಂಗಳೂರಿನ ಒಂದು ಬ್ಯೂರೋಗೆ ಫೋನ್ ಮಾಡಿದೆ. ಅಲ್ಲಿದ್ದ ಮೇಡಂ ಸ್ಪೀಕರ್ ಹೆಸರನ್ನೇ ಎತ್ತಲಿಲ್ಲ. ಮುಕ್ಕಾಲು ಗಂಟೆ ನನ್ನನ್ನೇ ಕೇಳಿದರು. ಬರುವವರ ವಯಸ್ಸೆಷ್ಟು? ಇಂಗ್ಲಿಷ್ ಎಷ್ಟು ಜನಕ್ಕೆ ಒಗ್ಗುತ್ತದೆ? ಹೋದ ವರ್ಷ ಯಾರು ಮಾತಾಡಿದರು, ಯಾಕೆ ಹಿಡಿಸಲಿಲ್ಲ? ಈ ವರ್ಷ ಡೀಲರ್‌ಗಳಿಗೆ ಯಾವ ಚಿಂತೆ? ಉದ್ರಿ ವಸೂಲಿ ಮತ್ತು ಆನ್‌ಲೈನ್ ಮಾರಾಟ ಅಂದೆ. ಎರಡು ದಿನ ಬಿಟ್ಟು ಮೂರು ಹೆಸರು, ಮೂರು ವಿಡಿಯೋ ಬಂದವು. ಮೂರನೆಯವರು ನಮಗೆ ಹಿಡಿಸಿದರು. ಕನ್ನಡದಲ್ಲಿ ಮಾತು, ವ್ಯಾಪಾರ ಗೊತ್ತಿರುವ ಮನುಷ್ಯ. ಫೀ ಎರಡೂವರೆ ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ, ಪ್ರಯಾಣ ಮತ್ತು ರೂಮ್ ಬೇರೆ. ತಾರೀಖಿಗೆ ಹೋಲ್ಡ್ ಹಾಕಿದ್ದೀನಿ, ವಾರದಲ್ಲಿ ತಿಳಿಸಿ ಅಂದರು.

ಹೋಲ್ಡ್ ಅಂದರೆ ಬುಕಿಂಗ್ ಅಲ್ಲ, ಇದನ್ನ ನೀವೂ ತಿಳಿದಿರಿ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಇನ್ನೊಬ್ಬರು ದುಡ್ಡು ಹಿಡಿದು ಬಂದರೆ ಬ್ಯೂರೋದವರು ನಿಮಗೆ ಫೋನ್ ಮಾಡಿ ಕೇಳುತ್ತಾರೆ, ಒಂದೆರಡು ದಿನದೊಳಗೆ ಹೂಂ ಅನ್ನಬೇಕು, ಇಲ್ಲಾ ಬಿಟ್ಟುಕೊಡಬೇಕು. ಸಹಿ ಆಗಿ, ಅಡ್ವಾನ್ಸ್ ಹೋದ ಮೇಲೆಯೇ ತಾರೀಖು ನಿಮ್ಮದು. ಅಲ್ಲಿಯವರೆಗೆ ಆಮಂತ್ರಣ ಪತ್ರಿಕೆಗೆ ಹೆಸರು ಹಾಕಿಸಬೇಡಿ.

ಆ ವಾರದಲ್ಲೇ ಗೆಳೆಯನೊಬ್ಬ ಆ ಸ್ಪೀಕರ್‌ನ ಮ್ಯಾನೇಜರ್ ನಂಬರ್ ಕೊಟ್ಟ. ಫೋನ್ ಮಾಡಿದೆ. ಅವರೂ ಎರಡೂವರೆ ಲಕ್ಷವನ್ನೇ ಹೇಳಿದರು! ಇದು ಚೌಕಾಸಿಯ ಮಾತು ಅಂದುಕೊಂಡೆ. ಹುಬ್ಬಳ್ಳಿ ಬೆಂಗಳೂರಲ್ಲ ಸರ್, ಸ್ವಲ್ಪ ಬಿಡಿ ಅಂತ ಎಳೆದೆಳೆದು 2 ಲಕ್ಷ 30 ಸಾವಿರಕ್ಕೆ ತಂದೆ. ವಾಟ್ಸಾಪ್‌ನಲ್ಲಿ ‘ಕನ್ಫರ್ಮ್’ ಅಂತ ಒಂದು ಮೆಸೇಜ್ ಬಂತು. ಅರ್ಧ ದುಡ್ಡು, 1 ಲಕ್ಷ 15 ಸಾವಿರ, ಕಳಿಸಿದೆವು. ಕರಾರು ಪತ್ರ ಅಂತ ಒಂದು ಹಾಳೆಯೂ ಇರಲಿಲ್ಲ. ಬ್ಯೂರೋ ಮೇಡಂಗೆ ಕಾರ್ಯಕ್ರಮ ಮುಂದಕ್ಕೆ ಹೋಯಿತು ಅಂತ ಬರೆದೆ. ಅದು ಸುಳ್ಳು.

ಇನ್ನೂ ಒಂದು ಮಾಡಿದೆ. ಬ್ಯೂರೋದವರು ಕಳಿಸಿದ್ದ ಕರಾರಿನ ಕರಡು ನನ್ನ ಮೇಲ್‌ನಲ್ಲೇ ಇತ್ತು. ಸ್ಪೀಕರ್ ಹಿಂದಿನ ರಾತ್ರಿಯೇ ಊರಿಗೆ ಬಂದು ಉಳಿಯಬೇಕು ಅಂತ ಅದರಲ್ಲಿ ಒಂದು ಸಾಲು. ಕಾರ್ಯಕ್ರಮ 11 ಗಂಟೆಗೆ, ಬೆಳಗಿನ ವಿಮಾನದಲ್ಲಿ ಬಂದರೆ ಸಾಕು, ಒಂದು ರಾತ್ರಿ ರೂಮ್ ಸುಮ್ನೆ ಯಾಕೆ ಅಂತ ಆ ಷರತ್ತನ್ನೇ ಬಿಟ್ಟೆ. ಐದೂವರೆ ಸಾವಿರ ಉಳಿಯಿತು. ಮ್ಯಾನೇಜರ್ ಖುಷಿಯಿಂದ ಒಪ್ಪಿದರು. ಅವರ ಸಾಹೇಬರಿಗೂ ಹಿಂದಿನ ಸಂಜೆ ಬೇರೆ ಕೆಲಸ ಇತ್ತಂತೆ.

ಆ ದಿನ ಬೆಳಗ್ಗೆ ಏರ್‌ಪೋರ್ಟ್‌ನಲ್ಲಿ ನಿಂತಿದ್ದೆ. ಜಿಟಿಜಿಟಿ ಮಳೆ, ಮೋಡ ನೆಲಕ್ಕೆ ತಾಗಿದ ಹಾಗಿತ್ತು. ವಿಮಾನದ ಸದ್ದು ಕೇಳಿಸಿತು, ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಸದ್ದು ದೂರ ಆಯಿತು. ಇಳಿಯೋಕೆ ಆಗದೆ ಬೆಂಗಳೂರಿಗೇ ವಾಪಸ್ ಹೋಯಿತು. ಅಲ್ಲಿಂದ ಕಾರಿನಲ್ಲಿ ಬರೋಣ ಅಂದರೆ 400 ಕಿಲೋಮೀಟರ್‌ಗೂ ಜಾಸ್ತಿ ದಾರಿ.

ಒಂಬತ್ತು ಗಂಟೆಗೆ ಬ್ಯೂರೋ ಮೇಡಂಗೆ ಫೋನ್ ಮಾಡಿದೆ. ಬೇರೆ ಯಾರೂ ನೆನಪಾಗಲಿಲ್ಲ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಕಾರ್ಯಕ್ರಮ ಇವತ್ತೇನಾ?" ಅಂದರು. ಅಷ್ಟೇ ಕೇಳಿದ್ದು. ಆ ಪ್ರಶ್ನೆ ಈಗಲೂ ನನಗೆ ಚುಚ್ಚುತ್ತದೆ. ಬೈಯಲಿಲ್ಲ, ಫೋನ್ ಇಡಲಿಲ್ಲ. ಅರ್ಧ ಗಂಟೆಯಲ್ಲಿ ಇಬ್ಬರನ್ನ ವಿಚಾರಿಸಿದರು. ಧಾರವಾಡದವರು ಊರಲ್ಲಿರಲಿಲ್ಲ. ಬೆಳಗಾವಿಯವರು ಹನ್ನೆರಡೂವರೆಗೆ ಬರಬಲ್ಲೆ ಅಂದರು, ಅವರ ಫೀ ಬೇರೆ. ನಮ್ಮ ಸಾಹೇಬರು ಸಿಟ್ಟಿನಲ್ಲಿದ್ದರು, ಇನ್ನೊಂದು ಪೈಸೆ ಕೊಡಲ್ಲ ಅಂದುಬಿಟ್ಟರು.

ಅತಿಥಿಗೆ ಅಂತ ಹಾವೇರಿಯಿಂದ ಏಲಕ್ಕಿ ಮಾಲೆ ತರಿಸಿದ್ದೆವು. ವೇದಿಕೆಯ ಮೇಜಿನ ಮೇಲೆ ಡಬ್ಬಿಯಲ್ಲೇ ಇತ್ತು. ಯಾರೋ ಮುಚ್ಚಳ ತೆಗೆದಿದ್ದರು, ಮುಂದಿನ ಸಾಲಿನವರೆಗೂ ಏಲಕ್ಕಿ ವಾಸನೆ. ಅದರ ಪಕ್ಕ ನಿಂತು ಸಾಹೇಬರು ಹೊಸ ಮೋಟಾರುಗಳ ಸ್ಲೈಡ್ ತೋರಿಸಿದರು. ಒಂದು ಗಂಟೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ನನ್ನ ಕೈ ಹಿಡಿದು ರೋಣದ ಹಿರಿಯ ಡೀಲರ್ ಒಬ್ಬರು ಕೇಳಿದರು: "ಅವ್ರು ಬರಂಗಿಲ್ಲೇನ್ರಿ? ಅವ್ರ ಮಾತು ಕೇಳ್ಬೇಕಂತ ಮಗನ್ನೂ ಕರ್ಕೊಂಡ್ ಬಂದೀನ್ರಿ." ಅಪ್ಪ ಮಗ ಇಬ್ಬರೂ ಊಟಕ್ಕೂ ಕಾಯದೆ ಬಸ್ ಹಿಡಿದು ಹೋದರು.

ಅಡ್ವಾನ್ಸ್ ವಾಪಸ್ ಬರಲಿಲ್ಲ. ಮಳೆಗೆ ನಾವೇನು ಮಾಡೋಣ, ಬೇರೆ ತಾರೀಖು ಕೊಡುತ್ತೇವೆ ಅಂದರು ಮ್ಯಾನೇಜರ್. ಅವರ ಮಾತೂ ತಪ್ಪಲ್ಲ. ಬರೋಕೆ ಆಗದಿದ್ದರೆ ದುಡ್ಡು ಯಾರ ಪಾಲಿಗೆ ಅಂತ ನಾವು ಎಲ್ಲೂ ಬರೆದೇ ಇರಲಿಲ್ಲವಲ್ಲ. ಆ ವರ್ಷ ನಮಗೆ ಇನ್ನೊಂದು ಸಭೆ ಇರಲಿಲ್ಲ. 1 ಲಕ್ಷ 15 ಸಾವಿರ ಹೋಯಿತು.

ಈಗ ನನ್ನ ತಪ್ಪನ್ನ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಬ್ಯೂರೋ ಕಮಿಷನ್ ಅನ್ನೋದು ಫೀ ಮೇಲೆ ನಾವು ಹೆಚ್ಚಿಗೆ ಕೊಡುವ ದುಡ್ಡು ಅಂತ ನಾನು ತಿಳಿದಿದ್ದೆ. ಸಾಮಾನ್ಯವಾಗಿ ಹಾಗಲ್ಲ. ಅದು ಸ್ಪೀಕರ್‌ನ ಫೀ ಒಳಗಿಂದಲೇ ಹೋಗುತ್ತದೆ, ಹೆಚ್ಚಾಗಿ ಶೇ 20ರಿಂದ 30. ಎರಡೂವರೆ ಲಕ್ಷದಲ್ಲಿ ಬ್ಯೂರೋ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನ ಸ್ಪೀಕರ್‌ಗೆ ಕೊಡುತ್ತದೆ. ನೇರವಾಗಿ ಹೋದರೆ ಆ ಪಾಲು ಸ್ಪೀಕರ್‌ಗೆ ಉಳಿಯುತ್ತದೆ, ನಿಮಗಲ್ಲ. ವರ್ಷಕ್ಕೆ ಹತ್ತು ಕಾರ್ಯಕ್ರಮ ತಂದುಕೊಡುವ ಬ್ಯೂರೋ ಹೇಳಿದ ದರಕ್ಕಿಂತ ಕಡಿಮೆಗೆ ಬಂದರೆ ಅವರಿಗೇ ನಷ್ಟ. ಅದಕ್ಕೇ ಎರಡೂ ಕಡೆ ಒಂದೇ ದರ. ಒಳ್ಳೆ ಸ್ಪೀಕರ್‌ಗಳಲ್ಲಿ ಎಷ್ಟೋ ಜನ, ನಮ್ಮ ಹೆಸರು ನಿಮಗೆ ಯಾರು ಹೇಳಿದರು ಅಂತ ಕೇಳಿ, ಬ್ಯೂರೋ ಅಂದರೆ ಅಲ್ಲಿಗೇ ವಾಪಸ್ ಕಳಿಸುತ್ತಾರೆ. ನನಗೆ ಸಿಕ್ಕ 20 ಸಾವಿರ ಚೌಕಾಸಿಯಿಂದ ಬಂದದ್ದು. ಮೇಡಂ ಕೈಲೇ ಕೇಳಿಸಿದ್ದರೂ ಬರುತ್ತಿತ್ತೇನೋ.

ಆ 20 ಸಾವಿರಕ್ಕೆ ನಾನು ಬಿಟ್ಟದ್ದು ಏನೇನು ನೋಡಿ. ರದ್ದಾದರೆ ಹೇಗೆ ಅಂತ ಬರೆದ ಕರಾರು. ಕೊನೆ ಗಳಿಗೆಯಲ್ಲಿ ನಿಲ್ಲುವ ಇನ್ನೊಂದು ಹೆಸರು. ಹಿಂದಿನ ರಾತ್ರಿಯೇ ಬರಬೇಕು ಅನ್ನುವ ಆ ಸಾಲು. ಆ ಸಾಲು ಬರೆದವರು ನನ್ನಂಥ ಎಷ್ಟು ಜನರ ಬೆಳಗಿನ ಫೋನ್ ಎತ್ತಿದ್ದರೋ! ಮ್ಯಾನೇಜರ್ ಸ್ಪೀಕರ್‌ನ ಕಡೆಯವರು. ಅವರ ಅನುಕೂಲ ನೋಡೋದೇ ಅವರ ಕೆಲಸ. ನಮ್ಮ ಹಾಲ್, ನಮ್ಮ ಜನ, ನಮ್ಮ 11 ಗಂಟೆ ಅಂತ ಯೋಚಿಸುವವರು ಆ ವ್ಯವಹಾರದಲ್ಲಿ ಒಬ್ಬರೇ ಇದ್ದರು. ಅವರಿಗೆ ನಾನು ಸುಳ್ಳು ಹೇಳಿ ಹೊರಗೆ ಹಾಕಿದ್ದೆ.

2024ರಲ್ಲಿ ಮೊದಲು ಮೇಡಂಗೆ ಕ್ಷಮೆ ಕೇಳಿದೆ, ಆಮೇಲೆ ಆ ವರ್ಷದ ಸಭೆಯ ಕೆಲಸ ಕೊಟ್ಟೆ. ಅವರು ಪ್ರಯಾಣ ಹೊಂದಿಸಿದ ರೀತಿ ನೋಡಿ ನಾನು ಕಲಿತೆ. ಹಿಂದಿನ ದಿನ ಮಧ್ಯಾಹ್ನದ ವಿಮಾನ. ಅದು ಕೈಕೊಟ್ಟರೆ ಅದೇ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ಬರ್ತ್, ಬೆಳಗಾಗುವಾಗ ಹುಬ್ಬಳ್ಳಿ. ಟಿಕೆಟ್ ರದ್ದು ಮಾಡಿದರೆ ಹೋಗೋದು ಕೆಲವು ನೂರು ರೂಪಾಯಿ. ಫೀ ಕೊಡುವಾಗಲೇ ಟಿಡಿಎಸ್, ಅಂದರೆ ಆದಾಯ ತೆರಿಗೆಯ ಪಾಲು, ಹಿಡಿಯುತ್ತೇವೆ ಅಂತಲೂ ಕರಾರಿನಲ್ಲೇ ಬರೆಸಿದರು. ಇಲ್ಲದಿದ್ದರೆ ದುಡ್ಡು ಕಡಿಮೆ ಬಂತು ಅಂತ ಆಮೇಲೆ ತಕರಾರು. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಸ್ಪೀಕರ್ ಜೊತೆ ಅರ್ಧ ಗಂಟೆ ಫೋನಿನಲ್ಲಿ ಕೂರಿಸಿದರು. ಉದ್ರಿ ಕೇಳಿದಾಗ ಡೀಲರ್‌ಗಳಿಗೆ ಗಿರಾಕಿಗಳು ಏನೇನು ನೆಪ ಹೇಳುತ್ತಾರೆ ಅಂತ ಆ ಮನುಷ್ಯ ನನ್ನಿಂದ ಒಂದೊಂದಾಗಿ ಬರೆದುಕೊಂಡರು. "ಮೆಣಸಿನಕಾಯಿ ಬ್ಯಾಡಗಿಗೆ ಹೋಗ್ಲಿ, ಕೊಡ್ತೀನಿ" ಅನ್ನೋದನ್ನ ವೇದಿಕೆ ಮೇಲೆ ಹೇಳಿದಾಗ ಇಡೀ ಹಾಲ್ ನಕ್ಕಿತು. ಆ ಮಾತು ನಮ್ಮವರದೇ, ಅವರಿಗೆ ಸಿಕ್ಕಿದ್ದು ಆ ಅರ್ಧ ಗಂಟೆಯಲ್ಲಿ.

ಇನ್ನು ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ, ಬೇಜಾರಾಗಬೇಡಿ. ಕಮಿಷನ್ ಉಳಿಸೋದು ಹೇಗೆ ಅಂತ ಕೇಳಿದ್ದೀರಿ, ನಿಮ್ಮ ಸದಸ್ಯರಿಗೆ ಯಾರ ಮಾತು ಬೇಕು ಅಂತ ಎಲ್ಲೂ ಬರೆದಿಲ್ಲ. ಗದಗಿನ ಜನ ತೋಂಟದಾರ್ಯ ಮಠದ ಶಿವಾನುಭವ ಉಪನ್ಯಾಸಗಳಲ್ಲಿ ವಾರ ವಾರ ಕೂತು ಕೇಳಿ ಪಳಗಿದವರು. ಒಳ್ಳೆ ಮಾತು ಯಾವುದು ಅಂತ ಅವರಿಗೆ ಗೊತ್ತು. ಯಾವ ಊರಿಗೆ ಹೋದರೂ ಅದೇ ಕಥೆ, ಅದೇ ಚಪ್ಪಾಳೆ ಕೇಳುವ ಭಾಷಣ ತಂದರೆ ಹತ್ತು ನಿಮಿಷದಲ್ಲಿ ಮೊಬೈಲ್ ತೆಗೆಯುತ್ತಾರೆ. ನಿಮಗೆ ಬೇಕಾದದ್ದು ಊರಿನ ಇತಿಹಾಸ, ಸಾಹಿತ್ಯ ಬಲ್ಲ ಹಿರಿಯರಾದರೆ ಬ್ಯೂರೋ ಕೆಲಸವೇ ಅಲ್ಲ ಅದು. ಪಕ್ಕದಲ್ಲೇ ಧಾರವಾಡ ಇದೆ. 1890ರಿಂದ ನಡೆದು ಬಂದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕೇಳಿ, ಮನೆಗೇ ಹೋಗಿ ಎಲೆ ಅಡಿಕೆ ಇಟ್ಟು ಕರೆಯಿರಿ, ಗೌರವಧನ ಮುಚ್ಚುಮರೆ ಇಲ್ಲದೆ ಹೇಳಿ. ಅದು ನೇರವಾಗಿಯೇ ಮಾಡುವ ಕೆಲಸ. ಬ್ಯೂರೋದಿಂದ ಹೆಸರು ತಿಳಿದು ಬ್ಯೂರೋವನ್ನೇ ದಾಟಿ ಹೋಗೋದು ಮಾತ್ರ ಬೇಡ.

ಆ ಸ್ಪೀಕರೇ ಬೇಕು ಅಂದರೆ ಇವತ್ತೇ ಬ್ಯೂರೋಗೆ ಫೋನ್ ಮಾಡಿ, ನಂಬರ್ ಸಿಕ್ಕಿದೆ ಅಂತ ಹೇಳಿಬಿಡಿ. 2 ಲಕ್ಷದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಕೇಳಿ, ಸೇರಿಲ್ಲ ಅಂದರೆ ಅದರ ಮೇಲೆ ಶೇ 18, ಅಂದರೆ 36 ಸಾವಿರ, ಸಂಘಕ್ಕೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಅದು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಜಾಸ್ತಿ ಆಯ್ತು ಅಂತ ಹೇಳೋಕೆ ಸಂಕೋಚ ಬೇಡ. ಅದೇ ವಾರ ಅವರು ಹುಬ್ಬಳ್ಳಿಗೋ ದಾವಣಗೆರೆಗೋ ಬರುವವರಿದ್ದರೆ ಪ್ರಯಾಣದ ಖರ್ಚು ಹಂಚಿ ಹೋಗುತ್ತದೆ, ಫೀ ಕೂಡ ಸ್ವಲ್ಪ ಇಳಿಯಬಹುದು. ಇಂಥದ್ದನ್ನ ಬ್ಯೂರೋದವರು ಹೊಂದಿಸಿ ಕೊಡಬಲ್ಲರು. ಮತ್ತೆ ಹಿಂದಿನ ರಾತ್ರಿಯ ರೂಮ್ ಹುಬ್ಬಳ್ಳಿಯಲ್ಲಿ ಬೇಡ, ಗದಗಿನಲ್ಲೇ ಮಾಡಿ. ಏರ್‌ಪೋರ್ಟ್‌ನಿಂದ ಸುಮಾರು 60 ಕಿಲೋಮೀಟರ್. ಅವರು ಆ ದಾರಿಯನ್ನ ಹಿಂದಿನ ಸಂಜೆಯೇ ದಾಟಿ ಬಂದಿರಲಿ.